ನಾಗರಪಂಚಮಿಯೂ ಮನೆಗೆ ಬಂದ ಹಾವೂ



ಶ್ರಾವಣ ಶುದ್ಧ ಪಂಚಮಿಯು ನಾಗಾರಾಧನೆಯ ಪರ್ವದಿನವಾಗಿರುವುದು. ಕರಾವಳಿಯವರು ಕುಟುಂಬದ ನಾಗಬನಕ್ಕೆ ಹೋಗಿ ತನು ಎರೆಯುತ್ತಾರೆ. ಬಯಲುಸೀಮೆಯವರು ಅರಳಿಕಟ್ಟೆಯ ನಾಗಪ್ರತಿಮೆಗಳಿಗೆ ಅಭಿಷೇಕ ಮಾಡುತ್ತಾರೆ. ಊರು ಬಿಟ್ಟು ಪಟ್ಟಣ ಸೇರಿದವರು ಮಣೆಯ ಮೇಲೆ ನಾಗನನ್ನು ಬರೆದು ಪೂಜಿಸುತ್ತಾರೆ. ಇದೇ ಕಾಲದಲ್ಲಿ ಮಳೆಯ ನೀರು ಬಿಲಗಳಿಗೆ ನುಗ್ಗಿ, ಹಾವುಗಳು ಒಣ ಜಾಗವನ್ನರಸಿ ಹೊರಬರುತ್ತವೆ. ಮಳೆಗಾಲದ ಆರಂಭಕ್ಕೆ ಮೊಟ್ಟೆಯೊಡೆದು ಬಂದ ಮರಿಗಳೂ ಆಗ ಓಡಾಡುತ್ತಿರುತ್ತವೆ. ಆದುದರಿಂದ ನಾಗನ ಪೂಜಾವಿಧಿಯನ್ನು ತಿಳಿದ ನಾವು, ಮನೆಯಲ್ಲಿಯೋ ಉದ್ಯೋಗದ ಸ್ಥಳದಲ್ಲಿಯೋ ಹಾವು ಕಂಡಾಗ ನಡೆದುಕೊಳ್ಳಬೇಕಾದ ವಿಧಿಯನ್ನೂ ತಿಳಿಯಬೇಕಾಗಿದೆ. ಆ ಕ್ಷಣದಲ್ಲಿ ಭಯ ಅಥವಾ ಮೌಢ್ಯಕ್ಕೆ ಒಳಗಾದರೆ ಹೋಗುವುದು ಜೀವ. ಹಾವಿನದೋ ಮನುಷ್ಯನದೋ, ಕೆಲವೊಮ್ಮೆ ಎರಡೂ.

ಶ್ರೀಮದಾಚಾರ್ಯರು ನಮಗೆ ಕೊಟ್ಟ ತತ್ತ್ವದ ಅಡಿಗಲ್ಲು ಭೇದಜ್ಞಾನ. ಜೀವನಿಗೂ ಈಶನಿಗೂ ಭೇದ, ಜೀವಜೀವರಲ್ಲಿ ಭೇದ, ಜಡಕ್ಕೂ ಚೇತನಕ್ಕೂ ಭೇದ, ಇವು ಸತ್ಯವೆಂದು ತಿಳಿದು ಒಂದನ್ನು ಇನ್ನೊಂದೆಂದು ಭ್ರಮಿಸದಿರುವುದೇ ಯಥಾರ್ಥಜ್ಞಾನ. ಈ ಮಾತು ಶಾಸ್ತ್ರಪಾಠದ ಪೀಠಕ್ಕೆ ಮಾತ್ರ ಸೀಮಿತವಲ್ಲ. ಅಂಗಳದಲ್ಲಿ ಹಾವು ಹರಿದಾಗಲೂ ಬೇಕಾದದ್ದು ಇದೇ ವಿವೇಕ. ಪೂಜ್ಯನಾದ ಶೇಷದೇವರು ಯಾರು, ಕೊಟ್ಟಿಗೆಗೆ ಬಂದ ಹಾವು ಯಾವುದು. ವಿಷವುಳ್ಳದ್ದು ಯಾವುದು, ಇಲ್ಲದ್ದು ಯಾವುದು. ಪ್ರಾರ್ಥನೆಯ ಕಾರ್ಯವೇನು, ಔಷಧದ ಕಾರ್ಯವೇನು. ಇವನ್ನು ಬೇರೆಬೇರೆಯಾಗಿ ತಿಳಿಯದವನು ಹಾವಿಗೂ ಅಪಾಯ ತರುತ್ತಾನೆ, ತನ್ನ ಮನೆಯವರಿಗೂ ತರುತ್ತಾನೆ.

ಮೊದಲನೆಯ ವಿಚಾರ ನೋಡೋಣ. ಶ್ರೀಹರಿಗೆ ಶಯ್ಯೆಯಾಗಿ ಸೇವೆ ಸಲ್ಲಿಸುವ, ಲಕ್ಷ್ಮಣನಾಗಿ ಬಲರಾಮನಾಗಿ ಅವತರಿಸಿದ, ತಾರತಮ್ಯದಲ್ಲಿ ಗರುಡ ರುದ್ರರೊಡನೆ ಸಮಕಕ್ಷೆಯಲ್ಲಿರುವ ಶೇಷದೇವರು ನಮಗೆ ಪೂಜ್ಯರು. ಅವರ ಅಂತರ್ಯಾಮಿಯಾದ ಸಂಕರ್ಷಣನೇ ನಾವು ಸಲ್ಲಿಸುವ ಪೂಜೆಯ ಮುಖ್ಯ ಸ್ವೀಕರ್ತೃ. ಗೀತೆಯ ವಿಭೂತಿಯೋಗದಲ್ಲಿಯೂ ಭಗವಂತನು ಸರ್ಪಗಳಲ್ಲಿ ವಾಸುಕಿಯನ್ನೂ ನಾಗಗಳಲ್ಲಿ ಅನಂತನನ್ನೂ ಬೇರೆಬೇರೆಯಾಗಿಯೇ ಹೆಸರಿಸಿದ್ದಾನೆ. ಬಚ್ಚಲಿಗೆ ಬಂದ ಹಾವಾದರೋ ಇಲಿ ಕಪ್ಪೆಗಳನ್ನರಸಿ ಬಂದ, ಹಸಿವು ಹೆದರಿಕೆಗಳುಳ್ಳ ಒಂದು ಜೀವ. ಅದರೊಳಗೂ ಹರಿಯ ಸನ್ನಿಧಾನವಿದೆಯೆಂದು ಗೌರವಿಸಬೇಕು. ಆದರೆ ದೇವರೇ ದರ್ಶನ ಕೊಡಲು ಬಂದನೆಂದು ಹತ್ತಿರ ಹೋಗಿ ಆರತಿ ಎತ್ತಬಾರದು, ಅರಿಶಿನ ಕುಂಕುಮ ಎರಚಬಾರದು. ಹಾವಿಗೆ ನಮ್ಮ ಭಕ್ತಿ ತಿಳಿಯುವುದಿಲ್ಲ. ಸಮೀಪಕ್ಕೆ ಬಂದ ಕೈ ಮಾತ್ರ ತಿಳಿಯುತ್ತದೆ.

ಎರಡನೆಯ ವಿಚಾರಕ್ಕೆ ಮಹಾಭಾರತದ ಆದಿಪರ್ವದಲ್ಲಿ ಬರುವ ರುರುವಿನ ಉಪಾಖ್ಯಾನವೇ ಸಾಕು. ರುರುವು ಚ್ಯವನರ ಮೊಮ್ಮಗ. ಅವನಿಗೆ ನಿಶ್ಚಯವಾಗಿದ್ದ ಪ್ರಮದ್ವರೆಯು ಸಖಿಯರೊಡನೆ ಆಡುತ್ತಿದ್ದಾಗ, ದಾರಿಯಲ್ಲಿ ಮಲಗಿದ್ದ ಹಾವನ್ನು ಕಾಣದೆ ತುಳಿದಳು, ಹಾವು ಕಚ್ಚಿತು. ರುರುವು ತನ್ನ ಆಯುಷ್ಯದ ಅರ್ಧವನ್ನಿತ್ತು ಅವಳನ್ನು ಬದುಕಿಸಿಕೊಂಡನಾದರೂ, ಅಂದಿನಿಂದ ಕಂಡ ಕಂಡ ಹಾವುಗಳನ್ನೆಲ್ಲ ದೊಣ್ಣೆಯಿಂದ ಬಡಿದು ಕೊಲ್ಲುವ ವ್ರತ ತೊಟ್ಟನು. ಒಂದು ದಿನ ಕಾಡಿನಲ್ಲಿ ಮಲಗಿದ್ದ ಮುದಿ ಡುಂಡುಭವೊಂದರ ಮೇಲೆ ದೊಣ್ಣೆಯೆತ್ತಿದಾಗ ಅದು ಮಾತನಾಡಿತು. ತಾನು ಅವನಿಗೇನೂ ಅಪರಾಧ ಮಾಡಿಲ್ಲವೆಂದೂ, ಮನುಷ್ಯರನ್ನು ಕಚ್ಚುವ ಹಾವುಗಳು ಬೇರೆಯೆಂದೂ, ಹಾವಿನ ಆಕಾರವಿದೆಯೆಂಬ ಮಾತ್ರಕ್ಕೆ ಡುಂಡುಭಗಳನ್ನು ಕೊಲ್ಲುವುದು ತರವಲ್ಲವೆಂದೂ ಹೇಳಿತು. ಅದು ಪೂರ್ವದಲ್ಲಿ ಸಹಸ್ರಪಾತ್ ಎಂಬ ಋಷಿ. ಅಗ್ನಿಹೋತ್ರದಲ್ಲಿದ್ದ ಗೆಳೆಯನನ್ನು ಹುಲ್ಲಿನ ಹಾವಿನಿಂದ ಹೆದರಿಸಿದ ತಪ್ಪಿಗೆ ಶಾಪಗ್ರಸ್ತನಾಗಿದ್ದವನು. ಹುಲ್ಲಿನ ಹಾವಿನ ಹುಡುಗಾಟಕ್ಕೇ ಅಷ್ಟು ಫಲವಾದರೆ, ಜೀವಂತ ಹಾವನ್ನು ಬಾಲ ಹಿಡಿದೆತ್ತಿ ಮೊಬೈಲಿನ ಮುಂದೆ ಆಡಿಸುವವರ ಗತಿಯೇನೆಂದು ನಾವೇ ಊಹಿಸಬಹುದು. ಪ್ರಮದ್ವರೆಯ ಪ್ರಸಂಗವನ್ನೂ ಮರೆಯತಕ್ಕದ್ದಲ್ಲ: ಹಾವು ಅಟ್ಟಿಸಿಕೊಂಡು ಬಂದು ಕಚ್ಚಲಿಲ್ಲ, ಕಾಣದೆ ತುಳಿದುದರಿಂದ ಕಚ್ಚಿತು. ಇಂದಿಗೂ ಬಹುಪಾಲು ಕಡಿತಗಳು ಆಗುವುದು ಹೀಗೆಯೇ.

ನಮ್ಮ ಸುತ್ತಮುತ್ತ ಪ್ರಾಣಾಪಾಯ ತರುವ ಹಾವುಗಳಲ್ಲಿ ನಾಲ್ಕು ಮುಖ್ಯ. ಹೆಡೆಯೆತ್ತುವ ನಾಗರಹಾವು, ಕರಿಯ ಮೈಮೇಲೆ ತೆಳುವಾದ ಬಿಳಿ ಪಟ್ಟೆಗಳುಳ್ಳ ಕಟ್ಟುಹಾವು, ಕಂದು ಮೈಮೇಲೆ ಸರಪಳಿಯಂತಹ ಮಚ್ಚೆಗಳಿದ್ದು ಜೋರಾಗಿ ಬುಸುಗುಟ್ಟುವ ಕೊಳಕುಮಂಡಲ, ಒಣಸೀಮೆಯಲ್ಲಿ ಹೆಚ್ಚಾಗಿರುವ, ಮೈಯನ್ನುಜ್ಜಿ ಗರಗರ ಸದ್ದು ಮಾಡುವ ಸಣ್ಣ ಗರಗಸಮಂಡಲ. ಮಲೆನಾಡಿನವರು ಇವುಗಳ ಜೊತೆಗೆ ಕಾಳಿಂಗಸರ್ಪವನ್ನೂ ಸೇರಿಸಬೇಕು. ಪಶ್ಚಿಮಘಟ್ಟದ ಕಾಳಿಂಗವು ಪ್ರತ್ಯೇಕ ಜಾತಿಯೆಂದು ವಿಜ್ಞಾನಿಗಳು 2024ರಲ್ಲಿ ಗುರುತಿಸಿ, ಅದಕ್ಕೆ ನಮ್ಮ ಕನ್ನಡದ ಹೆಸರನ್ನೇ ಇಟ್ಟಿರುವರು. ಮನೆಗಳಲ್ಲಿ ಕಾಣುವ ಕೇರೆ, ಬಾವಿ ಕೆರೆಗಳ ಬಳಿಯ ನೀರುಹಾವು, ಗೋಡೆ ಹತ್ತುವ ತೋಳದ ಹಾವು ಇವೆಲ್ಲ ಮನುಷ್ಯನಿಗೆ ವಿಷದ ಭಯವಿಲ್ಲದವು. ಕೇರೆಯಂತೂ ಇಲಿಗಳನ್ನು ತಿಂದು ಕಣಜ ಕಾಯುವ ಉಪಕಾರಿ. ಆದರೆ ತೋಳದ ಹಾವನ್ನು ಕಟ್ಟುಹಾವೆಂದು, ಕಟ್ಟುಹಾವನ್ನು ತೋಳದ ಹಾವೆಂದು ಬಲ್ಲವರೂ ಮೋಸಹೋಗುವುದುಂಟು. ಆದುದರಿಂದ ಕೊಲ್ಲುವ ವಿಷಯದಲ್ಲಿ ಎಲ್ಲವನ್ನೂ ಡುಂಡುಭದಂತೆ ನಿರಪರಾಧಿಯೆಂದು ಎಣಿಸತಕ್ಕದ್ದು. ಮುಟ್ಟುವ ವಿಷಯದಲ್ಲಿ ಎಲ್ಲವನ್ನೂ ವಿಷವುಳ್ಳದ್ದೆಂದೇ ಎಣಿಸತಕ್ಕದ್ದು. ಮರಿಯೆಂದು ಉದಾಸೀನವೂ ಸಲ್ಲದು. ವಿಷದ ಹಾವಿನ ಮರಿಗೆ ಹುಟ್ಟಿನಿಂದಲೇ ವಿಷವಿರುತ್ತದೆ.

ಹಾವು ಮನೆಯೊಳಗೆ ಕಂಡಾಗ ಮೊದಲು ನಿಲ್ಲಬೇಕು. ಬಳಿಕ ಮೆಲ್ಲಗೆ ಹಿಂದೆ ಸರಿದು ಆರೇಳು ಅಡಿಗಳಿಗಿಂತ ಹೆಚ್ಚು ಅಂತರ ಇಟ್ಟುಕೊಳ್ಳಬೇಕು. ಮಕ್ಕಳು, ವೃದ್ಧರು, ಸಾಕುಪ್ರಾಣಿಗಳನ್ನು ಆ ಕೋಣೆಯಿಂದ ಹೊರಗೆ ಕಳುಹಿಸಿ, ಒಳಕೋಣೆಗಳ ಬಾಗಿಲು ಹಾಕಿ, ಬಾಗಿಲಿನ ಕೆಳಗಿನ ಸಂದಿಗೆ ಬಟ್ಟೆ ತುರುಕಬೇಕು. ಹೊರಗೆ ಹೋಗುವ ಬಾಗಿಲೊಂದನ್ನು ತೆರೆದಿಡಬೇಕು. ಒಬ್ಬರು ಮಾತ್ರ ದೂರದಿಂದ ಅದರ ಮೇಲೆ ಕಣ್ಣಿಟ್ಟಿರಬೇಕು. ಎಲ್ಲಿಗೆ ಹೋಯಿತೆಂದು ತಿಳಿಯದ ಹಾವು, ಕಣ್ಣೆದುರಿನ ಹಾವಿಗಿಂತ ಹೆಚ್ಚು ಭಯಕರ. ಇಷ್ಟಾದ ಮೇಲೆ ಅರಣ್ಯ ಇಲಾಖೆಯವರನ್ನೋ ತರಬೇತಿ ಪಡೆದ ಉರಗರಕ್ಷಕರನ್ನೋ ಕರೆಯಬೇಕು. ಅವರ ದೂರವಾಣಿ ಸಂಖ್ಯೆಯನ್ನು ಪಂಚಾಂಗದ ಪಕ್ಕದಲ್ಲಿಯೇ ಬರೆದಿಟ್ಟಿರುವುದು ಲೇಸು. ಕೋಲಿನಿಂದ ತಿವಿಯುವುದು, ಬಿಸಿನೀರು ಸೀಮೆಎಣ್ಣೆ ಸುರಿಯುವುದು, ಹೊಗೆ ಹಾಕುವುದು ಎಲ್ಲವೂ ನಿಷಿದ್ಧ. ಅಂಗಳದಲ್ಲಿಯೋ ತೋಟದಲ್ಲಿಯೋ ಕಂಡ ಹಾವನ್ನು ಹಿಡಿಸಬೇಕಾದ ಅಗತ್ಯವೇ ಇಲ್ಲ. ದಾರಿ ಬಿಟ್ಟರೆ ತಾನೇ ಹೋಗುವುದು.

ಇಲ್ಲಿ ಶ್ರೀಕೃಷ್ಣನ ಕಾಳಿಯಮರ್ದನವನ್ನು ಸ್ಮರಿಸಬೇಕು. ಗೋಗೋಪಾಲರು ಕುಡಿಯುವ ಮಡುವನ್ನು ವಿಷಮಯ ಮಾಡಿದ ಕಾಳಿಯನ ಹೆಡೆಗಳನ್ನು ತುಳಿದನೇ ಹೊರತು ಸ್ವಾಮಿಯು ಅವನನ್ನು ಕೊಲ್ಲಲಿಲ್ಲ. ನಾಗಪತ್ನಿಯರ ಮೊರೆಯನ್ನಾಲಿಸಿ, ಸಂಸಾರಸಮೇತನಾಗಿ ರಮಣಕದ್ವೀಪಕ್ಕೆ ಹೋಗೆಂದು ಕಳುಹಿಸಿಕೊಟ್ಟನು. ಜನರಿರುವ ಜಾಗದಿಂದ ಹಾವನ್ನು ಬೇರ್ಪಡಿಸುವುದು ಧರ್ಮ, ಕೊಲ್ಲುವುದಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕೇ? ಹೆಡೆಯ ಮೇಲೆ ಕುಣಿಯುವುದು ಸ್ವತಂತ್ರನಾದ ಅವನಿಗೆ ಸಾಧ್ಯ. ಅಸ್ವತಂತ್ರರಾದ ನಮಗೆ ದೂರ ನಿಲ್ಲುವುದೇ ವಿಹಿತ. ಪಾಜಕದಲ್ಲಿ ಬಾಲಕ ವಾಸುದೇವನು ಸರ್ಪವನ್ನು ಕಾಲ ಬೆರಳಿನಿಂದ ಹೊಸಕಿದನಲ್ಲವೇ ಎಂದು ಕೇಳುವವರಿಗೂ ಇದೇ ಉತ್ತರ. ಅಲ್ಲಿ ಬಂದಿದ್ದವನು ಸರ್ಪರೂಪದ ಅಸುರ, ತುಳಿದವರು ಮುಖ್ಯಪ್ರಾಣರ ಅವತಾರ. ಅವತಾರಪುರುಷರ ಮಹಿಮೆಯನ್ನು ನಾವು ಸ್ತುತಿಸಬೇಕು, ಅನುಕರಿಸತಕ್ಕದ್ದಲ್ಲ.

ಉದ್ಯೋಗದ ಸ್ಥಳಗಳಲ್ಲಿಯೂ ಇದೇ ಕ್ರಮ. ಹೋಟೆಲಿನ ಕಟ್ಟಿಗೆ ರಾಶಿ, ಅಂಗಡಿಯ ಉಗ್ರಾಣ, ಕಚೇರಿಯ ಹಳೆಯ ಕಡತಗಳ ಕೋಣೆ, ಕಾರ್ಖಾನೆಯ ವಿದ್ಯುತ್ ತಂತಿಗಳ ಗುಂಡಿ, ಅಡಕೆ ತೋಟದ ಸೋಗೆಯ ರಾಶಿ, ಶಾಲೆಯ ಹಿಂಭಾಗದ ಪೊದೆ ಇವೆಲ್ಲ ಹಾವಿಗೆ ಒಪ್ಪುವ ತಂಪು ತಾಣಗಳು. ಯಜಮಾನನಾದವನು ಕೆಲಸದವರಿಗೆ ಬೂಟುಗಳನ್ನೂ ಬೆಳಕನ್ನೂ ಒದಗಿಸಬೇಕು. ಹಾವು ಕಂಡ ಜಾಗದಲ್ಲಿ ಕೆಲಸ ನಿಲ್ಲಿಸಲು ಹಿಂಜರಿಯಬಾರದು. ಅತ್ಯಂತ ಕಿರಿಯ ಕೆಲಸಗಾರನನ್ನು ಮುಂದೆ ತಳ್ಳಿ ಹಾವನ್ನೋಡಿಸುವಂತೆ ಹೇಳುವುದು ದೊಡ್ಡ ಪಾಪ. ದೇವಾಲಯಗಳೂ ಇದಕ್ಕೆ ಹೊರತಲ್ಲ. ಭೋಜನಶಾಲೆಯ ಹಿಂದೆ ಎಂಜಲೆಲೆಗಳ ರಾಶಿ ಕೊಳೆತರೆ ಇಲಿ ಬರುವುದು, ಇಲಿಯ ಹಿಂದೆ ಹಾವು ಬರುವುದು. ಸಂತರ್ಪಣೆಯ ಪುಣ್ಯವು ಪರಿಸರದ ಶುಚಿಯಿಂದ ಪೂರ್ಣವಾಗುತ್ತದೆ.

ಮನೆಯ ವಿಷಯದಲ್ಲಿಯೂ ಮುನ್ನೆಚ್ಚರಿಕೆ ಸುಲಭಸಾಧ್ಯ. ತೆಂಗಿನಸಿಪ್ಪೆ, ಇಟ್ಟಿಗೆ, ಸೌದೆಗಳನ್ನು ಗೋಡೆಗೆ ಒತ್ತಿ ಪೇರಿಸಬಾರದು. ಬಚ್ಚಲ ತೂಬಿಗೆ ಜಾಲರಿ ಹಾಕಬೇಕು. ಗೋಡೆಯ ಬಿರುಕು ಮುಚ್ಚಬೇಕು. ಬೆಳ್ಳುಳ್ಳಿ, ಹಿಂಗು, ಫಿನಾಯಿಲುಗಳನ್ನು ನಂಬಿ ನಿಶ್ಚಿಂತರಾಗಬಾರದು. ನಮ್ಮ ಮನೆಗಳಲ್ಲಿ ಅರುಣೋದಯಕ್ಕೆ ಎದ್ದು ಬರಿಗಾಲಿನಲ್ಲಿ ಬಾವಿಕಟ್ಟೆಗೆ ಹೋಗುವವರು, ನಸುಗತ್ತಲಿನಲ್ಲಿ ಹೂವು ಗರಿಕೆಗಳಿಗಾಗಿ ಪೊದೆಗೆ ಕೈಹಾಕುವವರು ಇದ್ದಾರೆ. ರಾತ್ರಿಯ ಹೊತ್ತು ತುಳಸಿಯನ್ನು ಬಿಡಿಸಬಾರದೆಂಬ ಸಂಪ್ರದಾಯವನ್ನು ಹೂವು ಗರಿಕೆಗಳಿಗೂ ಅನ್ವಯಿಸಿಕೊಂಡು, ಬೆಳಕು ಹರಿದ ಮೇಲೆ, ಕೋಲಿನಿಂದ ಎಲೆ ಸರಿಸಿ ನೋಡಿ ಕೈಯಿಕ್ಕುವುದು ಒಳಿತು. ಮಲಗುವಾಗ ಆಸ್ತೀಕ ಮುನಿಯನ್ನು ಸ್ಮರಿಸಿದರೆ ಸರ್ಪಭಯವಿಲ್ಲವೆಂಬ ನಂಬಿಕೆ ನಮ್ಮ ಹಿರಿಯರದು. ಸ್ಮರಣೆಯನ್ನು ಅವಶ್ಯವಾಗಿ ಮಾಡೋಣ. ಜೊತೆಗೆ ನೆಲದ ಮೇಲೆ ಮಲಗುವುದನ್ನು ಬಿಟ್ಟು ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸೋಣ, ಕೈಗೆಟಕುವಂತೆ ಟಾರ್ಚು ಇಟ್ಟುಕೊಳ್ಳೋಣ. ಕಟ್ಟುಹಾವು ರಾತ್ರಿಸಂಚಾರಿ; ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬಂದು ಕಚ್ಚುವುದು ಅದೇ.

ಆಸ್ತೀಕರ ಹೆಸರು ಬಂದುದರಿಂದ ಸರ್ಪಸತ್ರವನ್ನೂ ನೆನೆಯೋಣ. ಪರೀಕ್ಷಿದ್ರಾಜನನ್ನು ಕಚ್ಚಿದವನು ತಕ್ಷಕನೊಬ್ಬನೇ. ಜನಮೇಜಯನಾದರೋ ಸರ್ಪಕುಲವನ್ನೆಲ್ಲ ಅಗ್ನಿಗೆ ಆಹುತಿ ಕೊಡತೊಡಗಿದನು. ಆಸ್ತೀಕರು ಬಂದು ಆ ಯಾಗವನ್ನು ನಿಲ್ಲಿಸಿದರು. ಇಂದು ಆ ಕೆಲಸವನ್ನು ರಾಜಶಾಸನವೂ ಮಾಡುತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಾವುಗಳಿಗೆ ರಕ್ಷಣೆ ನೀಡಿದ್ದು, ನಾಗರಹಾವೇ ಮೊದಲಾದವುಗಳನ್ನು ಕೊಲ್ಲುವುದೂ ಹಿಡಿದಿಟ್ಟುಕೊಳ್ಳುವುದೂ ಶಿಕ್ಷಾರ್ಹ ಅಪರಾಧ. ಕೊಂದ ಮೇಲೆ ಹಣ ವೆಚ್ಚಮಾಡಿ ಸರ್ಪಸಂಸ್ಕಾರ ಮಾಡಿಸುವುದಕ್ಕಿಂತ, ಕೊಲ್ಲದೆ ದಾರಿ ಬಿಡುವುದು ಸುಲಭವೂ ಶ್ರೇಷ್ಠವೂ ಆದ ಪ್ರಾಯಶ್ಚಿತ್ತವಲ್ಲವೇ?

ಪಂಚಮಿಯ ದಿನ ಬುಟ್ಟಿಯಲ್ಲಿ ಹಾವನ್ನು ತಂದು ಹಾಲೆರೆಯಿರೆನ್ನುವವರಿಗೂ ಕಾಣಿಕೆ ಕೊಡಬಾರದು. ಹಾಲು ಹಾವಿನ ಆಹಾರವೇ ಅಲ್ಲ, ಅದು ಮಾಂಸಾಹಾರಿ. ಹಲ್ಲು ಕಿತ್ತು, ದಿನಗಟ್ಟಲೆ ನೀರಿಲ್ಲದೆ ಇರಿಸಿದ ಹಾವು ದಾಹದಿಂದ ಹಾಲನ್ನು ಹೀರುತ್ತದೆ, ಅನಂತರ ನರಳಿ ಸಾಯುತ್ತದೆ. ಹುತ್ತದ ಬಾಯಿಗೆ ಹಾಲು ಅರಿಶಿನ ಸುರಿದರೂ ಒಳಗಿನ ಜೀವಿಗಳಿಗೆ ತೊಂದರೆಯೇ. ನಾಗಪ್ರತಿಮೆಗೆ ಸಂಕಲ್ಪಪೂರ್ವಕ ಒಂದು ಉದ್ಧರಣೆ ಹಾಲೆರೆದು, ಉಳಿದುದನ್ನು ಮಕ್ಕಳಿಗೆ ಹಂಚಿದರೆ ಪೂಜೆಗೆ ನ್ಯೂನತೆಯಿಲ್ಲ. ಆ ದಿನ ನೆಲ ಅಗೆಯಬಾರದೆಂದು ಹಿರಿಯರು ವಿಧಿಸಿದ್ದಾರೆ. ಅದರ ಆಶಯವನ್ನು ನಾಗಬನಕ್ಕೂ ವಿಸ್ತರಿಸೋಣ. ಬನದ ಮರಗಳನ್ನು ಕಡಿದು, ನೆಲಕ್ಕೆ ಸಿಮೆಂಟು ಹಾಸಿ, ಕಲ್ಲಿಗೆ ಮಂಟಪ ಕಟ್ಟಿದರೆ ಅಲ್ಲಿದ್ದ ಹಾವುಗಳು ಎಲ್ಲಿಗೆ ಹೋಗಬೇಕು? ಬನ ಕಳೆದುಕೊಂಡವು ನಮ್ಮ ಮನೆಗೇ ಬರುತ್ತವೆ. ಬನವನ್ನು ಬನವಾಗಿ ಉಳಿಸುವುದೇ ಆಡಂಬರವಿಲ್ಲದ ನಾಗಪ್ರತಿಷ್ಠೆ.

ಇನ್ನು ಮೂರನೆಯ ವಿಚಾರ, ಎಲ್ಲಕ್ಕಿಂತ ಮುಖ್ಯವಾದದ್ದು. ಎಚ್ಚರಿಕೆಯನ್ನೂ ಮೀರಿ ಹಾವು ಕಚ್ಚಿದರೆ ಏನು ಮಾಡಬೇಕು? ಕಚ್ಚಿದವರನ್ನು ಕುಳ್ಳಿರಿಸಿ ಅಥವಾ ಮಲಗಿಸಿ ಧೈರ್ಯ ಹೇಳಬೇಕು; ನಡೆಸಬಾರದು. ಊತ ಬರುವ ಮೊದಲೇ ಉಂಗುರ, ಬಳೆ, ಕಾಲುಂಗುರ, ಗೆಜ್ಜೆಗಳನ್ನು ತೆಗೆಯಬೇಕು. ಕಡಿತವಾದ ಅಂಗವು ಅಲುಗದಂತೆ ಹಲಗೆಯನ್ನೋ ಕೊಡೆಯನ್ನೋ ಆಧಾರವಾಗಿಟ್ಟು ಸಡಿಲವಾಗಿ ಕಟ್ಟಿ, 108ಕ್ಕೆ ಕರೆಮಾಡಿ ಅಥವಾ ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಸಾಗಿಸಬೇಕು. ರಕ್ತ ನಿಲ್ಲುವಂತೆ ಹಗ್ಗ, ಜನಿವಾರ, ಉತ್ತರೀಯಗಳಿಂದ ಬಿಗಿಯಬಾರದು, ಬ್ಲೇಡಿನಿಂದ ಕೊಯ್ಯಬಾರದು, ಬಾಯಿಯಿಂದ ಹೀರಬಾರದು, ಬೇರು, ಸುಣ್ಣ, ಹಾವಿನ ಕಲ್ಲು ಯಾವುದನ್ನೂ ಇಡಬಾರದು. ಹಾವನ್ನು ಹುಡುಕಿ ಕೊಂದು ತರುವ ಅಗತ್ಯವಿಲ್ಲ. ಸತ್ತ ಹಾವಿನ ತಲೆಯೂ ಕಚ್ಚಬಲ್ಲುದು. ವೈದ್ಯರು ಲಕ್ಷಣ ನೋಡಿಯೇ ಚಿಕಿತ್ಸೆ ಮಾಡುತ್ತಾರೆ. ಪ್ರತಿವಿಷದ ಚುಚ್ಚುಮದ್ದು ಹತ್ತಿರದ ಯಾವ ಆಸ್ಪತ್ರೆಯಲ್ಲಿ ದೊರೆಯುವುದೆಂದು ಮೊದಲೇ ವಿಚಾರಿಸಿಟ್ಟುಕೊಂಡರೆ ಆ ಹೊತ್ತಿನಲ್ಲಿ ಅಲೆದಾಟ ತಪ್ಪುವುದು.

ಕಟ್ಟುಹಾವಿನ ಕಡಿತದಲ್ಲಿ ನೋವು ಅತ್ಯಲ್ಪ, ಊತವೂ ಇಲ್ಲದಿರಬಹುದು. ಸೊಳ್ಳೆಯೋ ಇರುವೆಯೋ ಎಂದು ಮಗ್ಗುಲು ಬದಲಿಸಿ ಮಲಗಿದವರಿಗೆ ಕೆಲ ಗಂಟೆಗಳಲ್ಲಿ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟವೇ ನಿಲ್ಲುವುದು. ರಾತ್ರಿ ಮಲಗಿದ್ದವರಿಗೆ ಕಾರಣವಿಲ್ಲದೆ ಇಂತಹ ಲಕ್ಷಣ ಕಂಡರೆ ಬೆಳಗಾಗಲೆಂದು ಕಾಯತಕ್ಕದ್ದಲ್ಲ.

ಇಷ್ಟು ಹೇಳಿದಾಗ ಕೆಲವರು ಎರಡು ಆಕ್ಷೇಪಗಳನ್ನು ಎತ್ತುವರು. ಮಂತ್ರವಾದಿಯಿಂದ ಎಷ್ಟೋ ಜನ ಬದುಕಿದ್ದಾರಲ್ಲ ಎಂಬುದು ಮೊದಲನೆಯದು. ಕಚ್ಚಿದ ಹಾವುಗಳಲ್ಲಿ ಅನೇಕವು ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಸಲ ವಿಷವಿಳಿಸದೆ ಕಚ್ಚುವುದುಂಟು. ಅಂಥವರು ಮಂತ್ರವಿಲ್ಲದೆಯೂ ಬದುಕುತ್ತಿದ್ದರು. ವಿಷವೇರಿದವರು ಮಾತ್ರ ಅಲ್ಲಿ ಕಾಲ ಕಳೆದು ಪ್ರಾಣ ಕಳೆದುಕೊಳ್ಳುತ್ತಾರೆ. ಆಯುಸ್ಸು ಪ್ರಾರಬ್ಧಕ್ಕೆ ಸೇರಿದ್ದು, ಆಸ್ಪತ್ರೆಯಿಂದೇನು ಎಂಬುದು ಎರಡನೆಯದು. ಜೀವನಿಗೆ ಕರ್ತೃತ್ವವೇ ಇಲ್ಲವೆಂದು ನಮ್ಮ ಸಿದ್ಧಾಂತ ಹೇಳುವುದಿಲ್ಲ. ಕರ್ತೃತ್ವವಿದೆ, ಅದು ಹರಿಯ ಅಧೀನವಾಗಿದೆ. ಪ್ರಯತ್ನವನ್ನು ಪ್ರೇರಿಸುವವನೂ ಅವನೇ, ವೈದ್ಯನ ಕೈಯಲ್ಲಿ ನಿಂತು ಫಲ ಕೊಡುವವನೂ ಅವನೇ. ಶ್ರೀಮದಾಚಾರ್ಯರು ತಂತ್ರಸಾರಸಂಗ್ರಹದಲ್ಲಿ ಧನ್ವಂತರಿಯ ಉಪಾಸನೆಯನ್ನು ಹೇಳಿದ್ದಾರೆ. ಧನ್ವಂತರಿಯ ಉಪಾಸಕನು ಔಷಧವನ್ನು ತಿರಸ್ಕರಿಸುವುದು ಹೇಗೆ ಯುಕ್ತ? ಪ್ರಾರ್ಥನೆಯನ್ನು ವಾಹನದಲ್ಲಿ ಕುಳಿತು ಮಾಡೋಣ. ವಾಹನವನ್ನು ನಿಲ್ಲಿಸಿ ಬೇಡ.

ಪ್ರತಿವಿಷವು ಕುದುರೆಯ ರಕ್ತದಿಂದ ಸಿದ್ಧವಾಗುವುದೆಂದು ಮಡಿವಂತರಾದ ಹಿರಿಯರು ಸಂಕೋಚಪಡಬಹುದು. ಹಾವಿನ ವಿಷವನ್ನೇ ಅಲ್ಪಪ್ರಮಾಣದಲ್ಲಿ ಕುದುರೆಗೆ ಕೊಟ್ಟು, ಅದರ ದೇಹದಲ್ಲಿ ಹುಟ್ಟಿದ ಪ್ರತಿರೋಧಶಕ್ತಿಯನ್ನು ಬೇರ್ಪಡಿಸಿ ಈ ಔಷಧವನ್ನು ಮಾಡುತ್ತಾರೆ. ಅದಕ್ಕೆ ಬೇಕಾದ ವಿಷವನ್ನು ತಮಿಳುನಾಡಿನ ಇರುಳರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘವು ಬಹುಕಾಲದಿಂದ ಒದಗಿಸುತ್ತ ಬಂದಿದೆ. ಅವರು ಹಾವನ್ನು ಕೊಲ್ಲದೆ ವಿಷ ತೆಗೆದು ಮತ್ತೆ ಕಾಡಿಗೆ ಬಿಡುವರು. ಇಲ್ಲಿ ಮೈಲಿಗೆಯ ವಿಚಾರ ತರುವುದು ಸರಿಯಲ್ಲ. ಆಪತ್ಕಾಲದಲ್ಲಿ ಪ್ರಾಣರಕ್ಷಣೆಯೇ ಧರ್ಮ. ಮಡಿಯನ್ನು ಮನೆಗೆ ಮರಳಿದ ಮೇಲೆ ಮತ್ತೆ ಹಿಡಿಯಬಹುದು.

ಇದು ಸಣ್ಣ ವಿಷಯವಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನರು, ಎಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಜನರು, ಹಾವಿನ ಕಡಿತದಿಂದ ಮೃತರಾದರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು, ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕಾದ ವ್ಯಾಧಿಯೆಂದು ಘೋಷಿಸಿತು. ಈ ಸಾವುಗಳನ್ನು 2030ರೊಳಗೆ ಅರ್ಧಕ್ಕಿಳಿಸಬೇಕೆಂದು ಕೇಂದ್ರ ಸರ್ಕಾರವೂ ಅದೇ ವರ್ಷ ಯೋಜನೆ ಹಾಕಿಕೊಂಡಿತು. ಸತ್ತವರಲ್ಲಿ ಬಹುತೇಕರು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ನಮ್ಮ ನೈವೇದ್ಯದ ಅಕ್ಕಿ ಬೆಳೆದವರು ಅವರೇ. ಅವರ ಕುರಿತು ಯೋಚಿಸದೆ ಮಾಡಿದ ಪಂಚಮಿಯ ಅಭಿಷೇಕವು ಹೇಗೆ ಪೂರ್ಣವಾದೀತು?

ಕೊನೆಯದಾಗಿ ಒಂದು ಮಾತು. ಕಚ್ಚಿಸಿಕೊಂಡವರ ಹಾಸಿಗೆಯ ಬಳಿ ನಿಂತು ಇದು ನಾಗದೋಷ, ಯಾರದೋ ಪಾಪ ಎಂದು ಆಡಿಕೊಳ್ಳುವ ಪದ್ಧತಿಯನ್ನು ಬಿಡೋಣ. ಕತ್ತಲಿನಲ್ಲಿ ಕಾಲಿಟ್ಟ ತಾಯಿಗೆ, ಗದ್ದೆಯ ಬದುವಿನ ಮೇಲೆ ನಡೆದ ಆಳಿಗೆ ದೋಷದ ಪಟ್ಟ ಕಟ್ಟಲು ನಾವಾರು? ಆಸ್ಪತ್ರೆಯಿಂದ ಕ್ಷೇಮವಾಗಿ ಬಂದ ಮೇಲೆ ಕೃತಜ್ಞತೆಯಿಂದ ಆಶ್ಲೇಷಾಬಲಿಯನ್ನೋ ಪವಮಾನ ಹೋಮವನ್ನೋ ಮಾಡಿಸಿದರೆ ಅದು ಶೋಭಿಸುವುದು.

ಈ ಪಂಚಮಿಯಂದು ಪ್ರತಿ ಮನೆಯ ಯಜಮಾನರೂ ಗೃಹಿಣಿಯರೂ ಪೂಜೆಯಾದ ಬಳಿಕ ಮಕ್ಕಳನ್ನು ಬಳಿ ಕೂರಿಸಿಕೊಂಡು ರುರುವಿನ ಕಥೆ ಹೇಳಲಿ. ಮನೆಯ ಸುತ್ತ ಒಮ್ಮೆ ನಡೆದು ಕಸದ ರಾಶಿಗಳನ್ನು ತೆಗೆಸಲಿ. ಉರಗರಕ್ಷಕರ ಮತ್ತು ಆಸ್ಪತ್ರೆಯ ದೂರವಾಣಿ ಸಂಖ್ಯೆಗಳನ್ನು ಎಲ್ಲರಿಗೂ ಕಾಣುವಂತೆ ಬರೆದಿಡಲಿ. ಶೇಷಶಾಯಿಯಾದ ಶ್ರೀಹರಿಯು, ನಮ್ಮ ನೆರೆಯಲ್ಲಿ ವಾಸಿಸುವ ಆ ಕಾಲಿಲ್ಲದ ಜೀವಗಳನ್ನೂ ನಮ್ಮನ್ನೂ ಪರಸ್ಪರ ಭಯದಿಂದ ಕಾಪಾಡಲಿ, ಎಲ್ಲರಿಗೂ ವಿವೇಕವನ್ನು ಅನುಗ್ರಹಿಸಲಿ ಎಂದು ಮುಖ್ಯಪ್ರಾಣಾಂತರ್ಗತನಾದ ಅವನ ಪಾದಾರವಿಂದಗಳಲ್ಲಿ ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.